ಅರ್ಧ ಸುತ್ತು

ನನ್ನ ಗಾಡಿಯ ಬಾನೆಟ್ಟಿಗೆ ಕೈ ಹಾಕಬೇಡ ಅಂತ ಮೈದುನನಿಗೆ ಎಷ್ಟು ಸಲ ಹೇಳಿದ್ದೀನೋ, ನನಗೇ ನೆನಪಿಲ್ಲ. ಕರೆಯದ ಕಡೆ ಮೂಗು ತೂರಿಸೋದು ಅವನ ಹುಟ್ಟುಗುಣ. ಊರವರೆಲ್ಲ ಅವನನ್ನು ಡಾಕ್ಟರ್ ಅಂತಾರೆ. ಗ್ಯಾರೇಜಿಗೆ ಯಾವ ಗಾಡಿ ಬರಲಿ, ಮೊದಲು ಬಾನೆಟ್ ಮೇಲೆ ಕಿವಿ ಇಟ್ಟು, ಕಣ್ಣು ಮುಚ್ಚಿ, ತಲೆ ಆಡಿಸುತ್ತಾನೆ. ಕಾಯಿಲೆ ಏನೇ ಇರಲಿ, ಕೊಡೋ ಔಷಧಿ ಒಂದೇ. ಅದು ಯಾವ ಔಷಧಿ ಅಂತ ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ.

ಗಾಡಿ ಅಂದರೆ ನನ್ನ ಗಂಡನ ಹಳೇ ಡೀಸಲ್ ವ್ಯಾನು. ಇಪ್ಪತ್ತಾರು ವರ್ಷದ್ದು. ಟರ್ಬೊ ಗಿರ್ಬೊ ಏನೂ ಇಲ್ಲ, ತನ್ನ ಮೂಗಿನಿಂದ ಎಳೆದುಕೊಂಡಷ್ಟು ಗಾಳಿಯಲ್ಲೇ ದುಡಿಯಬೇಕು. ಅವರು ಹೋಗಿ ನಾಲ್ಕು ವರ್ಷವಾಯಿತು, ಅಲ್ಲಿಂದ ನಾನೇ ಓಡಿಸುತ್ತಿದ್ದೀನಿ. ಬೆಟ್ಟದ ತುದಿಯಲ್ಲಿ, ಹದಿನಾಲ್ಕು ಸಾವಿರ ಅಡಿ ಮೇಲೆ, ಒಂದು ಹವಾಮಾನ ಕೇಂದ್ರವಿದೆ. ಅಲ್ಲಿರುವ ನಾಲ್ಕು ಜನಕ್ಕೆ ಗ್ಯಾಸು, ಹಿಟ್ಟು, ಬ್ಯಾಟರಿ, ಸೀಮೆಎಣ್ಣೆ ಮುಟ್ಟಿಸೋದು ನನ್ನ ಕೆಲಸ. ದುಡಿಮೆ ನನ್ನದು, ಆದರೆ ಕಾಗದದಲ್ಲಿ ಗಾಡಿ ಅತ್ತೆಯ ಹೆಸರಿನಲ್ಲಿದೆ.

ಅತ್ತೆ ನಾಲ್ಕು ವರ್ಷದಿಂದ ನನ್ನ ಹತ್ತಿರ ಮಾತಾಡಿಲ್ಲ. ಒಂದೇ ಮನೆ, ಒಂದೇ ಅಡುಗೆಮನೆ, ಆದರೂ ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುತ್ತಾರೆ. 'ಉಪ್ಪು ಮುಗೀತು' ಅಂತ ಗೋಡೆಗೆ ಹೇಳಿದರೆ ನಾನು ಉಪ್ಪು ತರಬೇಕು. ಹೋದ ವಾರ ಅದೇ ಗೋಡೆಗೆ ಹೇಳಿದರು: 'ಹಿಮ ಬೀಳೋ ಮುಂಚಿನ ಕೊನೇ ಲೋಡು ಇದು. ಎರಡು ಗಂಟೆಗೆ ಕೇಂದ್ರದ ಗೇಟು ಮುಚ್ತಾರೆ. ಅಷ್ಟರೊಳಗೆ ಗಾಡಿ ಮೇಲೆ ಮುಟ್ಟಿದ್ರೆ ಅವಳ ಹತ್ರಾನೇ ಇರ್ಲಿ. ದಾರೀಲಿ ಕೈ ಕೊಟ್ರೆ ಚಿಕ್ಕವನು ತಗೊಂಡು ಹೋಗ್ಲಿ.'

ಚಿಕ್ಕವನು ಅಂದರೆ ಡಾಕ್ಟರ್. ಅವನಿಗೆ ಈ ಗಾಡಿ ಬೇಕಾಗಿದ್ದು ಓಡಿಸೋದಕ್ಕಲ್ಲ. ಬಿಚ್ಚಿ ಹಾಕಿ ಇಂಜಿನ್ನು ಒಂದು ಗಾಡಿಗೆ, ಗೇರ್‌ಬಾಕ್ಸು ಇನ್ನೊಂದಕ್ಕೆ ಕೂರಿಸೋದಕ್ಕೆ. ನನಗೆ ಗೊತ್ತು, ಅವನ ಕಣ್ಣು ಅದರ ಮೇಲೆ ಬಿದ್ದು ಬಹಳ ದಿನವಾಯಿತು. ಸಾಕ್ಷಿಗೆ ಅಂತ ಅವನೂ ನನ್ನ ಜೊತೆ ಬರಬೇಕು ಅನ್ನೋದೂ ಅತ್ತೆಯದೇ ತೀರ್ಮಾನ. ಹಿಂದಿನ ದಿನ ಸಾಯಂಕಾಲ ನಾನು ಹಿಟ್ಟಿನ ಮೂಟೆ ತರೋಕೆ ಹೋಗಿದ್ದಾಗ, ಅಮ್ಮ ಹೇಳಿದರು ಅಂತ ಬಂದು ಆಯಿಲು, ಫಿಲ್ಟರು ಬದಲಾಯಿಸಿ ಹೋಗಿದ್ದ. ವಿಷಯ ತಿಳಿದು ಮೈಯೆಲ್ಲ ಉರಿಯಿತು. ಆದರೂ ಬೆಳಿಗ್ಗೆ ಆಯಿಲ್ ಕಡ್ಡಿ ನೋಡಿದೆ, ರೇಡಿಯೇಟರ್ ನೀರು ನೋಡಿದೆ, ಬಾನೆಟ್ ಮುಚ್ಚಿದೆ. ಇಂಜಿನ್ನಿಗೆ ಡೀಸಲ್ ಕೊಡೋ ಪಂಪಿನ ಹಿಂಭಾಗವನ್ನು ಮಾತ್ರ ಒಂದು ಸಲವೂ ಬಗ್ಗಿ ನೋಡಲಿಲ್ಲ. ಆ ತಪ್ಪು ನನ್ನದೇ.

ಆರು ಗಂಟೆಗೆ ಹೊರಟೆವು. ಅವನು ಫ್ಲಾಸ್ಕಿನಲ್ಲಿ ಟೀ ತಂದಿದ್ದ, ಒಬ್ಬನಿಗೆ ಮಾತ್ರ. ಸೀಟಿನಲ್ಲಿ ಕೂತವನೇ ಬೆಲ್ಟ್ ಹಾಕದೆ ಶುರು ಮಾಡಿದ.

'ಅತ್ತಿಗೆ, ಕೋಪ ಮಾಡ್ಕೋಬೇಡಿ, ಹೆಂಗಸರ ಕೈಗೆ ಇಂಥ ಗಾಡಿ ಒಗ್ಗಲ್ಲ. ನೀವು ಆಕ್ಸಿಲೇಟರ್ ಒತ್ತೋದೇ ಇಲ್ಲ. ಮುದ್ದು ಮಾಡ್ತೀರ.'

'ನಿನ್ನ ಬಾಯಿಗೂ ಒಂದು ಆಫ್ ಸ್ವಿಚ್ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು' ಅಂದೆ.

ಕೆಳಗಿನ ಏರುಗಳಲ್ಲಿ ಗಾಡಿ ಎಳೆದ ರೀತಿ ನೋಡಿ ನನಗೇ ಆಶ್ಚರ್ಯ. ಹನ್ನೆರಡು ಗ್ಯಾಸ್ ಸಿಲಿಂಡರು, ಎಂಟು ಮೂಟೆ ಹಿಟ್ಟು, ನಾಲ್ಕು ದೊಡ್ಡ ಬ್ಯಾಟರಿ ಹೊತ್ತುಕೊಂಡು ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿತ್ತು. ಇವತ್ತು ಇದಕ್ಕೇನು ಬಂತು ಅಂದುಕೊಂಡೆ. ಅವನು ಕಿಟಕಿ ಕಡೆ ತಿರುಗಿ ಒಳಗೊಳಗೇ ನಗುತ್ತಿದ್ದ. ಹೊಸ ಫಿಲ್ಟರಿನ ಗುಣ ಇರಬೇಕು ಅಂತ ನಾನೂ ಸುಮ್ಮನಾದೆ.

ಕೊನೇ ಹಳ್ಳಿಯ ಟೀ ಅಂಗಡಿ ದಾಟಿದ ಮೇಲೆ ಫೋನಿಗೆ ಸಿಗ್ನಲ್ ಇರಲ್ಲ. ಆ ಅಂಗಡಿ ಮುಂದೆ ಇವತ್ತಿಗೂ ನಾನು ಗಾಡಿ ನಿಲ್ಲಿಸಲ್ಲ. ನಾಲ್ಕು ವರ್ಷದ ಹಿಂದೆ, ಇಂಥದ್ದೇ ಕೊನೇ ಲೋಡಿನ ದಿನ, ನನ್ನ ಗಂಡ ಅಲ್ಲಿಂದಲೇ ಫೋನ್ ಮಾಡಿದ್ದರು.

'ಯಾಕೋ ಹೊಗೆ ಜಾಸ್ತಿ ಬರ್ತಿದೆ ಕಣೇ. ವಾಪಸ್ ಬಂದ್ಬಿಡ್ಲಾ?'

'ನಿಮ್ಮದು ಯಾವಾಗ್ಲೂ ಇದೇ ಗೋಳು. ಚಳಿ ಅಂದ್ರೆ ಒಂದು ನೆಪ, ಹೊಗೆ ಅಂದ್ರೆ ಒಂದು ನೆಪ. ಸುಮ್ನೆ ಹೋಗಿ' ಅಂದಿದ್ದೆ. ಅತ್ತೆ ಅಲ್ಲೇ ಒಲೆ ಮುಂದೆ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ಕೇಂದ್ರಕ್ಕೆ ಇನ್ನು ಮೂರು ಕಿಲೋಮೀಟರ್ ಇದೆ ಅನ್ನುವಾಗ ಇಂಜಿನ್ ಸುಟ್ಟು ನಿಂತಿತು. ಅವರು ಗಾಡಿಯಲ್ಲೇ ಕೂರಬೇಕಿತ್ತು. ಕೂರಲಿಲ್ಲ, ನಡೆದು ಹೊರಟರು. ಹಿಮಗಾಳಿ ಎದ್ದಿತು. ಮಾರನೇ ದಿನ ಬೆಳಿಗ್ಗೆ ಕೇಂದ್ರದವರು ಇಳಿದು ಬಂದಾಗ ಒಂದು ಕಿಲೋಮೀಟರ್ ಕಲ್ಲಿಗೆ ಒರಗಿ ಕೂತಿದ್ದರಂತೆ. ಅವತ್ತಿನಿಂದ ಅತ್ತೆಗೆ ಗೋಡೆಯೇ ಗತಿ. 'ವಾಪಸ್ ಬರ್ತೀನಿ ಅಂದವನನ್ನ ಕಳಿಸಿ ಕೊಂದ್ಳು' ಅಂತ ಗೋಡೆಗೆ ಹೇಳಿದ್ದು ನನಗೂ ಕೇಳಿಸಿದೆ. ಕೇಳಿಸಲಿ ಅಂತಲೇ ಹೇಳಿದ್ದು.

ಯಾರಿಗೂ ಹೇಳದ ಇನ್ನೊಂದು ಸಂಗತಿ ನನ್ನ ಹೊಟ್ಟೆಯಲ್ಲಿತ್ತು. ಆಮೇಲೆ ಗಾಡಿ ರಿಪೇರಿಗೆ ಬಿಟ್ಟಾಗ ಡೀಸಲ್ ಪಂಪನ್ನು ಪೇಟೆಯ ಪಂಪ್ ಅಂಗಡಿಗೆ ನಾನೇ ತಗೊಂಡು ಹೋಗಿದ್ದೆ. ಮುದುಕ ಮೇಸ್ತ್ರಿ ಅದನ್ನು ಬಿಚ್ಚಿ ನೋಡಿ ನನ್ನ ಮುಖ ನೋಡಿದ. 'ಅಮ್ಮಾ, ಡೀಸಲ್ ಜಾಸ್ತಿ ಮಾಡೋ ಸ್ಕ್ರೂ ಯಾರೋ ಒಳಕ್ಕೆ ತಿರುಗಿಸಿದ್ದಾರೆ. ಇದನ್ನ ಇಟ್ಕೊಂಡು ಬೆಟ್ಟ ಹತ್ತಿದ್ರೆ ಇಂಜಿನ್ ಉಳಿಯಲ್ಲ.' ಗಾಡಿ ಮುಟ್ಟುತ್ತಿದ್ದವರು ನನ್ನ ಗಂಡ ಒಬ್ಬರೇ ಅಂತ ನಾನು ತಿಳಿದಿದ್ದೆ. ಅಂದರೆ ಅವರೇ ಮಾಡಿಕೊಂಡಿದ್ದು. ತಮ್ಮ ಕೈಯಾರೆ. ಅತ್ತೆಗೆ ಹೇಳಿದ್ದರೆ ನನ್ನ ಮೇಲಿನ ಅಪವಾದ ಅವತ್ತೇ ಅರ್ಧ ಕಮ್ಮಿಯಾಗುತ್ತಿತ್ತು. ಹೇಳಲಿಲ್ಲ. ಸತ್ತವರು ಪೆದ್ದ ಅನ್ನಿಸಿಕೊಳ್ಳೋ ಹಾಗೆ ಯಾಕೆ ಮಾಡಲಿ ಅಂತ ನುಂಗಿಕೊಂಡೆ. ಆದರೆ ಒಳಗೊಳಗೇ ಅವರ ಮೇಲೆ ಎಷ್ಟು ಸಿಟ್ಟಿತ್ತು ಅಂದರೆ, ಫೋಟೋ ಒರೆಸುವಾಗಲೂ ಬೈಯುತ್ತಿದ್ದೆ. ನಿಮ್ಮ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು ಅಂತ ಕೇಳುತ್ತಿದ್ದೆ.

ಪಂಪು ವಾಪಸ್ ಕೂರಿಸಿದ ದಿನ ಆ ಸ್ಕ್ರೂವಿನ ಮೇಲೂ, ಅದನ್ನು ಬಿಗಿದ ನಟ್ಟಿನ ಮೇಲೂ ಸೇರಿಸಿ ನನ್ನ ಕೆಂಪು ನೈಲ್ ಪಾಲಿಶ್ ದಪ್ಪಗೆ ಬಳಿದೆ. ಯಾರಾದರೂ ಮುಟ್ಟಿದರೆ ಒಡೆಯಬೇಕು, ನನಗೆ ಕಾಣಬೇಕು.

ಹನ್ನೊಂದೂವರೆ ಹೊತ್ತಿಗೆ ಮರಗಿಡ ಮುಗಿದು ಬರೀ ಕಲ್ಲು ಶುರುವಾಯಿತು. ಗಾಡಿ ಏದುಸಿರು ಬಿಡತೊಡಗಿತು. ಅದು ಮಾಮೂಲಿ. ಮೇಲೆ ಗಾಳಿ ತೆಳು, ಎರಡನೇ ಗೇರಿಗೆ ಇಳಿಸಬೇಕು, ಕಾಲು ಹಗುರ ಇಡಬೇಕು, ಅವಸರ ಮಾಡಬಾರದು. ಹಾಗೇ ಮಾಡಿದೆ. ಆದರೆ ಕನ್ನಡಿಯಲ್ಲಿ ನೋಡಿದರೆ ಹಿಂದೆ ರಸ್ತೆಯೇ ಕಾಣುತ್ತಿಲ್ಲ. ಕರ್ರಗೆ ಹೊಗೆ. ಇಂಜಿನ್ ಬಿಸಿ ತೋರಿಸೋ ಮುಳ್ಳು ಮುಕ್ಕಾಲು ದಾಟಿ ಮೇಲೆ ಹೋಗುತ್ತಿತ್ತು.

'ಇದೇನಿದು!' ಅಂದೆ.

'ಏನಿಲ್ಲ, ನೀವು ಹೆದರ್ಕೊಂಡು ಓಡಿಸ್ತಿದೀರಿ. ಒತ್ತಿ, ಅತ್ತಿಗೆ, ಚೆನ್ನಾಗಿ ಒತ್ತಿ. ಇಂಜಿನ್ ಗಂಟಲು ಕಟ್ಟಿದೆ, ಡೀಸಲ್ ಕುಡಿಸಿದ್ರೆ ಬಿಟ್ಕೊಳ್ಳುತ್ತೆ.'

'ಬಾಯಿ ಮುಚ್ಚು.'

'ಎರಡು ಗಂಟೆ ಒಳಗೆ ಮುಟ್ಟಬೇಕು ಅಂತ ನೆನಪಿದೆ ತಾನೇ? ಈ ಸ್ಪೀಡಲ್ಲಿ ಹೋದ್ರೆ ನಾಳೆ ಮುಟ್ತೀರ.' ಅವನ ದನಿಯಲ್ಲಿ ಖುಷಿ ಎದ್ದು ಕಾಣುತ್ತಿತ್ತು.

ಕಾಲು ಎತ್ತಿದೆ. ಹೊಗೆ ಸ್ವಲ್ಪ ತೆಳುವಾಯಿತು, ಆದರೆ ಗಾಡಿ ಮುಂದೆ ಹೋಗಲೊಲ್ಲದು. ಕಾಲು ಇಟ್ಟೆ, ಮತ್ತೆ ಕಪ್ಪು. ಮುಳ್ಳು ಕೆಂಪು ಗೆರೆಗೆ ಬೆರಳಷ್ಟು ದೂರದಲ್ಲಿತ್ತು. ತಿರುವಿನ ಪಕ್ಕ ಒಂದಿಷ್ಟು ಸಮತಟ್ಟು ಜಾಗ ಸಿಕ್ಕಿದ್ದೇ ಎಳೆದು ನಿಲ್ಲಿಸಿದೆ. ತಕ್ಷಣ ಆಫ್ ಮಾಡದೆ, ಇಂಜಿನ್ ಹಾಗೇ ಓಡುತ್ತಿರಲಿ ಅಂತ ಬಿಟ್ಟು ಇಳಿದೆ. ಚಳಿ ಕೆನ್ನೆಗೆ ಹೊಡೆಯಿತು.

'ನಿಂತುಹೋಯ್ತಲ್ಲ!' ಅಂತ ಅವನು ಗಡಿಯಾರ ನೋಡಿಕೊಂಡ. 'ಹನ್ನೆರಡು ಇಪ್ಪತ್ತು. ಅಮ್ಮನಿಗೆ ನಾನು ಇದ್ದದ್ದು ಇದ್ದ ಹಾಗೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.'

'ನಿಂತಿಲ್ಲ. ನಿಲ್ಲಿಸಿದ್ದೀನಿ.'

ಮುಳ್ಳು ಕೆಳಗಿಳಿದ ಮೇಲೆ ಆಫ್ ಮಾಡಿದೆ. ಬಾನೆಟ್ ಎತ್ತಿ, ಟಾರ್ಚು ಹಿಡಿದು, ಈಗ ಬಗ್ಗಿ ನೋಡಿದೆ. ನನ್ನ ಕೆಂಪು ಪಾಲಿಶ್ ಒಡೆದು ಚೂರುಚೂರಾಗಿತ್ತು. ಒಂದು ಚೂರು ಇನ್ನೂ ನಟ್ಟಿಗೆ ಅಂಟಿಕೊಂಡಿತ್ತು. ಸ್ಕ್ರೂವಿನ ಮೇಲೆ ಉಳಿದ ಗುರುತು ಎದುರು ದಿಕ್ಕಿಗೆ ತಿರುಗಿತ್ತು.

ನನಗೆ ಕಣ್ಣು ಕತ್ತಲೆ ಬಂತು, ಸಿಟ್ಟಿಗೋ ಗಾಳಿ ಕಮ್ಮಿಯಾಗಿದ್ದಕ್ಕೋ ಗೊತ್ತಿಲ್ಲ. 'ಇಳಿ ಕೆಳಗೆ' ಅಂತ ಕೂಗಿದೆ. ಅವನು ಟೀ ಲೋಟ ಹಿಡಿದುಕೊಂಡೇ ಇಳಿದ.

'ಈ ಸ್ಕ್ರೂ ಮುಟ್ಟಿದ್ದು ಯಾರು?'

'ಓ, ಅದಾ.' ಅವನಿಗೆ ನಾಚಿಕೆಯೂ ಇಲ್ಲ, ಭಯವೂ ಇಲ್ಲ. 'ಅರ್ಧ ಸುತ್ತು ಒಳಕ್ಕೆ ಕೊಟ್ಟೆ. ಬೆಳಿಗ್ಗೆ ಹೇಗೆ ಎಳೀತು ನೋಡಿದ್ರಲ್ಲ?'

'ನನ್ನ ಗಾಡಿ ಕೆಡಿಸೋಕೆ ಬೇಕು ಅಂತ ಮಾಡಿದ್ಯಾ? ಬೇಕು ಅಂತ? ನಿನ್ನ ಹೊಟ್ಟೆ ತಣ್ಣಗಾಯ್ತಾ ಈಗ?'

ಆಗ ಅವನ ಮುಖ ಕೆಂಪಾಯಿತು. ಲೋಟದಲ್ಲಿದ್ದ ಟೀ ನೆಲಕ್ಕೆ ಚೆಲ್ಲಿದ. 'ಏನತ್ತಿಗೆ, ಹೀಗಾ ಮಾತಾಡೋದು? ಗಾಡಿ ನನಗೆ ಬೇಕು, ಇಲ್ಲ ಅನ್ನಲ್ಲ. ಆದ್ರೆ ಬಿಚ್ಚೋ ಗಾಡಿಗಾದ್ರೂ ಕೆಟ್ಟ ಕೆಲಸ ಮಾಡೋ ಮೆಕ್ಯಾನಿಕ್ ನಾನಲ್ಲ. ಲೋಡ್ ಜಾಸ್ತಿ ಇದೆ, ಏರು ಜಾಸ್ತಿ ಇದೆ, ಪಾಪ ಕಷ್ಟ ಪಡ್ತಾರೆ, ಸ್ವಲ್ಪ ಪಿಕಪ್ ಬರ್ಲಿ ಅಂತ ಮಾಡಿದ್ದು. ನನ್ನ ಗ್ಯಾರೇಜಿಗೆ ಬರೋ ಡೀಸಲ್ ಗಾಡಿಗೆಲ್ಲ ಅರ್ಧ ಸುತ್ತು ಕೊಟ್ಟೇ ಕಳಿಸೋದು. ಒಬ್ಬರೂ ವಾಪಸ್ ಬಂದು ಬೈದಿಲ್ಲ.'

'ನಿನ್ನ ಗ್ಯಾರೇಜಿಗೆ ಬರೋ ಗಾಡಿಗಳು ಮಾರ್ಕೆಟ್ಟಿಗೆ ಹೋಗಿ ಬರ್ತವೆ. ಬೆಟ್ಟ ಹತ್ತಲ್ಲ!'

'ಬೆಟ್ಟಕ್ಕೇ ಇನ್ನೂ ಜಾಸ್ತಿ ಬೇಕಾಗೋದು. ನನಗೆ ಹೇಳಿಕೊಡೋಕೆ ಬರಬೇಡಿ' ಅಂತ ಅವನೂ ಕೂಗಿದ. 'ಅಣ್ಣನಿಗೂ ಹೀಗೇ ಮಾಡಿಕೊಟ್ಟಿದ್ದೆ ನಾನು. ಅವನ ಕೊನೇ ಲೋಡಿನ ಹಿಂದಿನ ದಿನ. ಅವನಿಗೆ ಹೇಳಿರಲೂ ಇಲ್ಲ, ಹತ್ತುವಾಗ ತಾನೇ ಗೊತ್ತಾಗಿ ಖುಷಿ ಪಡ್ಲಿ ಅಂತ. ಇಂಜಿನ್ ಹಳೇದಾಗಿ ಹೋಯ್ತು, ಅದು ಅವನ ಹಣೆಬರಹ. ಆದ್ರೆ ನಾನು ನನ್ನ ಕೈಲಾದ್ದು ಮಾಡಿದ್ದೆ.'

ಗಾಳಿ ಬೀಸುತ್ತಿತ್ತು. ಬಾನೆಟ್ ಎತ್ತಿ ನಿಲ್ಲಿಸಿದ್ದ ಕಡ್ಡಿ ಕಟಕಟ ಅನ್ನುತ್ತಿತ್ತು. ನಾನು ಟಾರ್ಚನ್ನು ಹಾಗೇ ಹಿಡಿದುಕೊಂಡು ನಿಂತಿದ್ದೆ. ಮೊದಲು ನನಗೆ ನೆನಪಾಗಿದ್ದು ಇವನಲ್ಲ, ಅತ್ತೆಯೂ ಅಲ್ಲ. ಮನೆಯಲ್ಲಿರುವ ಫೋಟೋ. ನಾಲ್ಕು ವರ್ಷ ನಾನು ಬೈದದ್ದು ಏನೂ ಮಾಡದವರನ್ನ.

'ಹೊಗೆ ಬರ್ತಿದೆ ಅಂತ ಫೋನ್ ಮಾಡಿದ್ರು' ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. 'ಯಾಕೆ ಬರ್ತಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ನೀನು ಹೇಳಿರಲಿಲ್ಲ.'

'ಹೊಗೆ ಬಂದ್ರೆ ಏನು? ಹೊಗೆ ಅಂದ್ರೆ ಪವರ್ರು.'

'ಹೊಗೆ ಅಂದ್ರೆ ಉರೀದೇ ಇರೋ ಡೀಸಲ್ಲು ಕಣೋ! ಕೆಳಗೆ ನೀನು ಅರ್ಧ ಸುತ್ತು ಜಾಸ್ತಿ ಕೊಟ್ರೆ ಅದನ್ನ ಉರಿಸೋಕೆ ಗಾಳಿ ಇದೆ. ಇಲ್ಲಿ ಎಲ್ಲಿದೆ ಗಾಳಿ? ನೀನೇ ನಾಲ್ಕು ಹೆಜ್ಜೆ ಓಡು ನೋಡೋಣ, ಓಡು! ಗಾಳಿ ಅರ್ಧ ಕಮ್ಮಿ, ಡೀಸಲ್ಲು ಮೊದಲಿಗಿಂತ ಜಾಸ್ತಿ. ಉರಿದಷ್ಟು ಉರಿದು, ಉಳಿದದ್ದು ಹೊಗೆಯಾಗುತ್ತೆ, ಬಿಸಿ ಏರಿ ಪಿಸ್ಟನ್ ಸುಡುತ್ತೆ. ಅವತ್ತು ಪಂಪ್ ಬಿಚ್ಚಿದವನು ನನಗೆ ಹೇಳಿದ, ಈ ಸ್ಕ್ರೂ ಹೀಗೆ ಇಟ್ಕೊಂಡು ಬೆಟ್ಟ ಹತ್ತಿದ್ರೆ ಇಂಜಿನ್ ಉಳಿಯಲ್ಲ ಅಂತ. ನಿಮ್ಮಣ್ಣನೇ ತಿರುಗಿಸಿಕೊಂಡಿದ್ದು ಅಂದ್ಕೊಂಡು ನಾನು ಯಾರಿಗೂ ಹೇಳದೆ ಮುಚ್ಚಿಟ್ಟೆ. ಅವರ ಮರ್ಯಾದೆ ಉಳಿಸ್ತೀನಿ ಅಂತ ನಿನ್ನ ಮರ್ಯಾದೆ ಉಳಿಸ್ತಿದ್ದೆ ನಾನು!'

ಅವನು ಬಗ್ಗಿ ಪಂಪು ನೋಡಿದ. ಆಮೇಲೆ ಹಿಂದೆ ಹೋಗಿ ಸೈಲೆನ್ಸರ್ ಕೊಳವೆಗೆ ಬೆರಳು ಹಾಕಿ ತೆಗೆದ. ಬೆರಳಿನ ತುಂಬ ಮಸಿ. ಅದನ್ನೇ ನೋಡುತ್ತಾ ನಿಂತ. ಅವನು ಒಳ್ಳೇ ಮೆಕ್ಯಾನಿಕ್ಕೇ, ಹಾಳಾದವನು. ಒಂದು ಸಲ ಹೇಳಿದರೆ ಅರ್ಥವಾಗುತ್ತೆ. ಅರ್ಥವಾಗಿದ್ದು ನನಗೆ ಕಾಣಿಸಿತು.

'ಅತ್ತಿಗೆ' ಅಂದ. 'ಸುಳ್ಳು ಹೇಳ್ತಿದೀರ ತಾನೇ?'

ನನಗೆ ಅವನ ಮೇಲೆ ಕನಿಕರ ಬರಬೇಕಿತ್ತು ಅಂತ ಯಾರಾದರೂ ಹೇಳಬಹುದು. ಬರಲಿಲ್ಲ. ಟೂಲ್ ಬಾಕ್ಸಿಂದ ಸ್ಪ್ಯಾನರ್ರು, ಸ್ಕ್ರೂಡ್ರೈವರ್ರು ತೆಗೆದು ಅವನ ಎದೆಗೆ ಒತ್ತಿ ಹಿಡಿದೆ.

'ತಿರುಗಿಸು ವಾಪಸ್. ನೀನೇ ತಿರುಗಿಸು. ಅರ್ಧ ಸುತ್ತು.'

ಸ್ಪ್ಯಾನರ್ ನಟ್ಟಿನ ಮೇಲೆ ಕೂರುತ್ತಲೇ ಇರಲಿಲ್ಲ. ಎರಡು ಸಲ ಜಾರಿ ಗೆಣ್ಣು ತರಚಿಕೊಂಡ. ನಾನು ಟಾರ್ಚು ಹಿಡಿದೆ, ಅಷ್ಟೆ. ಸಹಾಯ ಮಾಡಲಿಲ್ಲ. ನಟ್ಟು ಸಡಿಲ ಮಾಡಿ, ಸ್ಕ್ರೂ ಹೊರಕ್ಕೆ ಅರ್ಧ ಸುತ್ತು ತಿರುಗಿಸಿ, ಪಾಲಿಶ್ಶಿನ ಗುರುತಿಗೆ ಗುರುತು ಸೇರಿಸಿ, ಮತ್ತೆ ಬಿಗಿದ. ಇಷ್ಟು ಚಿಕ್ಕ ಕೆಲಸ. ಐದು ನಿಮಿಷವೂ ಹಿಡಿಯಲಿಲ್ಲ.

ಹನ್ನೆರಡು ಐವತ್ತಕ್ಕೆ ಮತ್ತೆ ಸ್ಟಾರ್ಟ್ ಮಾಡಿದೆ. ಎರಡನೇ ಗೇರು, ಕೆಲವು ಕಡೆ ಒಂದನೇದು. ಗಂಟೆಗೆ ಹನ್ನೆರಡು, ಹದಿನೈದು ಕಿಲೋಮೀಟರು. ಕನ್ನಡಿಯಲ್ಲಿ ಹಿಂದಿನ ರಸ್ತೆ ಸ್ಪಷ್ಟವಾಗಿ ಕಾಣುತ್ತಿತ್ತು. ಈಗ ಅವನು ಒತ್ತಿ ಅನ್ನಲಿಲ್ಲ. ಆ ಕಿಲೋಮೀಟರ್ ಕಲ್ಲು ಹತ್ತಿರ ಬಂದಾಗ ನಾನು ಯಾವಾಗಲೂ ಮುಖ ಬೇರೆ ಕಡೆ ತಿರುಗಿಸುತ್ತೀನಿ. ಇವತ್ತು ನೋಡಿದೆ. ಬಣ್ಣ ಹೋದ ಸಾಮಾನ್ಯ ಕಲ್ಲು. ಪಕ್ಕದಲ್ಲಿ ಅವನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಮುಂದಕ್ಕೆ ಬಗ್ಗಿದ. ಅಳಲಿ ಅಂದುಕೊಂಡೆ.

ಎರಡು ಗಂಟೆಗೆ ಹತ್ತು ನಿಮಿಷವಿರುವಾಗ ಕೇಂದ್ರದ ಗೇಟು ದಾಟಿದೆವು. 'ಅಕ್ಕಾ, ಬಂದ್ರಲ್ಲ! ಈ ಸಲ ಬರಲ್ಲ ಅಂದ್ಕೊಂಡಿದ್ವಿ' ಅಂತ ಕೇಂದ್ರದ ಅಡುಗೆಯವನು ಓಡಿ ಬಂದ. ಅಂಗಳದಲ್ಲಿ ಮಾತ್ರ ಸಿಗ್ನಲ್ ಸಿಗುತ್ತೆ. ಗಾಡಿ ನಿಂತ ಕೂಡಲೇ ಮೈದುನನ ಫೋನ್ ಹೊಡೆದುಕೊಂಡಿತು. ಅಮ್ಮ ಅಂತ ಬಂದಿತ್ತು. ಅವನು ಅದನ್ನು ನೋಡಿದ, ಎತ್ತಲಿಲ್ಲ. ನನ್ನ ಕಡೆ ಚಾಚಿದ.

ಎತ್ತಿ 'ಹಲೋ' ಅಂದೆ. ಫೋನಿನಲ್ಲಿ ಗೋಡೆಯಿಲ್ಲವಲ್ಲ, ಅತ್ತೆ ನನಗೇ ಹೇಳಬೇಕು.

'ಮುಟ್ಟಿತಾ?'

'ಮುಟ್ಟಿತು.'

'ಹೊಗೆ ಬಂತಾ?'

ನಾಲ್ಕು ವರ್ಷದಿಂದ ಈ ಹೆಂಗಸೂ ಆ ಒಂದು ಫೋನನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಾ ಕೂತಿದ್ದಾರೆ. 'ಬಂತು. ನಿಲ್ಲಿಸಿದೆ' ಅಂದೆ.

'ಅವತ್ತೂ ನಿಲ್ಲಿಸು ಅಂದಿದ್ರೆ ಆಗ್ತಿತ್ತಲ್ಲ' ಅಂದರು.

'ಆಗ್ತಿತ್ತು, ಅತ್ತೆ. ನಾನು ಹೇಳಲಿಲ್ಲ.'

ಫೋನನ್ನು ಅವನ ಕೈಯಲ್ಲಿಟ್ಟೆ. ಅವನು ಬೇಡ ಅನ್ನೋ ಹಾಗೆ ತಲೆ ಆಡಿಸಿದ. ವಯಸ್ಸಾದವರು, ಉಳಿದಿರೋನು ಇವನೊಬ್ಬನೇ, ಇದು ಗೊತ್ತಾದರೆ ಏನಾಗ್ತಾರೋ ಅನ್ನೋದು ನನಗೂ ಹೊಳೆಯದೆ ಇರಲಿಲ್ಲ. ಆದರೆ ನಾಲ್ಕು ವರ್ಷ ನಾನು ನುಂಗಿದ್ದೆ. ನುಂಗಿದ್ದರಿಂದಲೇ ಇವತ್ತು ಮತ್ತೆ ಅರ್ಧ ಸುತ್ತು ಬಿತ್ತು.

'ನಾನು ಮಾಡಿದ್ದು ಅಮ್ಮನಿಗೆ ಅವತ್ತೇ ಗೊತ್ತು. ನೀನು ಮಾಡಿದ್ದು ನೀನು ಹೇಳು. ಹೇಳದೆ ಇದ್ರೆ ಈ ಗಾಡಿಯಲ್ಲಿ ಕೆಳಗೆ ಬರಬೇಡ' ಅಂದೆ. ಕೀ ತೆಗೆದು ಜೇಬಿಗೆ ಹಾಕಿಕೊಂಡು ಹಿಂದಿನ ಬಾಗಿಲು ತೆರೆದೆ.

'ಅಮ್ಮಾ' ಅಂದದ್ದು ಕೇಳಿಸಿತು. 'ಅಮ್ಮಾ, ಅಣ್ಣನ ಗಾಡೀದು...'

ಅಡುಗೆಯವನೂ ನಾನೂ ಸಿಲಿಂಡರ್ ಇಳಿಸಿದೆವು. ಒಂದೊಂದು ಇಳಿಸಿದಾಗಲೂ ಎರಡು ನಿಮಿಷ ನಿಂತು ಉಸಿರು ತಗೋಬೇಕು, ಅಲ್ಲಿ ಹಾಗೇ. ಏಳನೇದು ಇಳಿಸುವ ಹೊತ್ತಿಗೆ ಅವನ ಮಾತು ನಿಂತಿತ್ತು. ಫೋನ್ ಕಿವಿಗೆ ಹಿಡಿದುಕೊಂಡೇ ನಿಂತಿದ್ದ. ಅತ್ತೆ ಇಟ್ಟಿರಲೂ ಇಲ್ಲ, ಮಾತಾಡುತ್ತಲೂ ಇರಲಿಲ್ಲ. ಹನ್ನೆರಡೂ ಇಳಿದವು. ಮೂಟೆಗಳಿಗೆ ಕೈ ಹಾಕಿದಾಗ ಅವನು ಹತ್ತಿರ ಬಂದ. ಮುಖದ ತುಂಬ ಕಣ್ಣೀರು, ಮಸಿ.

'ನಿಮಗೆ ಕೊಡು ಅಂತಿದಾರೆ.'

ಕೈ ಒರೆಸಿಕೊಂಡು ತಗೊಂಡೆ. ನೇರವಾಗಿ ನನಗೆ, ಅತ್ತೆ ಹೇಳಿದರು:

'ಇಳಿಯುವಾಗ ಗಾಡಿ ಅವನ ಕೈಗೆ ಕೊಡಬೇಡ. ಇನ್ಮೇಲೂ ಕೊಡಬೇಡ.'

'ಸರಿ ಅತ್ತೆ' ಅಂದೆ.